ಆಂಜಿನಪ್ಪನವರ ಶ್ರುತಿ

ಬ್ರೂಕ್‌ಫೀಲ್ಡ್‌ನಲ್ಲಿ ನಾನಿರುವ ಬಾಡಿಗೆ ಮನೆಯ ಯಜಮಾನರು ಆಂಜಿನಪ್ಪನವರು. ಒಂದು ಸಂಜೆ, ಹೆಂಡತಿ ನಾಗಲಕ್ಷ್ಮಮ್ಮ ಭಜನೆಗೆ ಹೊರಟ ಮೇಲೆ, ಕಳ್ಳನ ಹಾಗೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ಹಳೇ ಗಿಟಾರು.

“ಮದ್ವೆಯಾದ ಒಸದ್ರಲ್ಲಿ ನುಡ್ಸಿದ್ದೆ ಕಣಪ್ಪ ವಸಂತ. ಇವ್ಳು ನೆಂಟ್ರ ಮುಂದೇನೇ ನಕ್ಬಿಟ್ಲು. ಅವತ್ತೇ ಅಟ್ಟಕ್ಕೆ ಆಕ್ದೆ. ಇನ್ನೆರಡು ತಿಂಗ್ಳಿಗೆ ಮದ್ವೆಯಾಗಿ ನಲವತ್ತು ವರ್ಸ. ಅದೇ ನೆಂಟ್ರ ಮುಂದೆ ಒಂದೇ ಒಂದು ಪದ ತಪ್ಪಿಲ್ದಂಗೆ ನುಡಿಸ್ಬೇಕು.”

ಪದ ಯಾವುದೆಂದರೆ, ಅವರ ಧಾರೆಯಲ್ಲಿ ಹೆಂಗಸರು ಹಾಡಿದ ಸೋಬಾನೆ. ಕಷ್ಟ ಏನೆಂದರೆ, ತಂತಿ ಬಿಗಿಯುವ ತಿರುಪುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಒಂದೂ ಅಲ್ಲಾಡಲಿಲ್ಲ. ಆರು ತಂತಿಯೂ ತಮಗಿಷ್ಟ ಬಂದ ಸ್ವರದಲ್ಲಿದ್ದವು. ನಾಲ್ಕನೆಯದಂತೂ ಜಾರಿ ಐದನೆಯದರ ಸ್ವರದಲ್ಲೇ ಠಿಕಾಣಿ ಹೂಡಿತ್ತು. ಅಂಗಡಿಗೆ ಕೊಟ್ಟರೆ ಹೆಂಡತಿಗೆ ಗೊತ್ತಾಗುತ್ತದೆ, ಬೇಡ ಎಂದರು.

ನಾನು ಸಾಫ್ಟ್‌ವೇರ್ ಕಂಪನಿಯವನು. ದೋಷ ಸರಿಹೋಗದಿದ್ದರೆ ದಾಖಲೆಯನ್ನೇ ದೋಷಕ್ಕೆ ತಕ್ಕಂತೆ ತಿದ್ದಿ ಸಂಬಳ ತೆಗೆದುಕೊಳ್ಳುವವರ ಪೈಕಿ. ಲ್ಯಾಪ್‌ಟಾಪಿನಲ್ಲಿ ಸಂಗೀತ ಬರೆಯುವ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಟ್ಯಾಬ್ ಬರೆಯಬಹುದು: ಆರು ತಂತಿಗೆ ಆರು ಗೆರೆ, ಗೆರೆಯ ಮೇಲೆ ಅಂಕಿ, ಯಾವ ತಂತಿಯನ್ನು ಗಿಟಾರಿನ ಕತ್ತಿನ ಮೇಲೆ ಎಷ್ಟನೇ ಮನೆಯಲ್ಲಿ ಒತ್ತಬೇಕೆಂದು. ಒಂದೊಂದೇ ತಂತಿ ಮೀಟಿಸಿ, ಅದು ಹೇಳಿದ ಸ್ವರವನ್ನೇ ಶ್ರುತಿಯ ಪಟ್ಟಿಯಲ್ಲಿ ತುಂಬಿದೆ. ಅವರು ಗುನುಗಿದ ಸೋಬಾನೆಯನ್ನು ಬರೆದೆ. ಕೆಟ್ಟ ಗಿಟಾರಿಗೆ ಸರಿಯಾದ ಅಂಕಿಗಳು ತಾವಾಗಿಯೇ ಬಂದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಜನೆ ಇದ್ದ ದಿನವೆಲ್ಲ ಅಭ್ಯಾಸ. ಆಂಜಿನಪ್ಪನವರ ಬೆರಳಿಗೆ ಬೊಬ್ಬೆ ಬಂತು, ಕೊನೆಗೆ ಪದವೂ ಬಂತು.

ಆ ದಿನ ಟೆರೇಸಿನ ಮೇಲೆ ಶಾಮಿಯಾನ, ಕೇಕು, ಸರ್ಜಾಪುರದ ನೆಂಟರು. ಆಂಜಿನಪ್ಪನವರು ಅಟ್ಟದಿಂದ ಗಿಟಾರು ತಂದು ಕೂತರು, ಮೀಟಿದರು. ದೇವರೇ! ಬೆಕ್ಕುಗಳು ಜಗಳಕ್ಕೆ ಬಿದ್ದಂತೆ ಕೇಳಿಸಿತು. ನೆಂಟರ ಭುಜಗಳು ಕುಣಿಯತೊಡಗಿದವು. ಆಂಜಿನಪ್ಪನವರು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ನಾಗಲಕ್ಷ್ಮಮ್ಮ ಮಾತ್ರ ನಗಲಿಲ್ಲ. “ಅಯ್ಯೋ, ನಿನ್ನೆ ಮಾರತ್ತಹಳ್ಳಿ ಅಂಗ್ಡಿಗೆ ಕಳ್ಸಿ, ಒಸಾ ತಿರುಪು ಆಕ್ಸಿ, ಶ್ರುತಿ ಮಾಡಿಸ್ದೆನಲ್ರೀ! ನಿಮ್ಮ ಬೆರಳಿನ ಬೊಬ್ಬೆ ನಂಗೆ ಕಾಣ್ಸಲ್ವಾ?”

ಆಗ ನೋಡಿದೆ. ತಿರುಪುಗಳು ಫಳಫಳ ಹೊಳೆಯುತ್ತಿದ್ದವು.

ಟ್ಯಾಬ್ ಬದಲಿಸಲು ನನಗೆ ಒಂದು ನಿಮಿಷ ಸಾಕು. ಕೆಟ್ಟ ಶ್ರುತಿಗೆ ಪಳಗಿದ ಆಂಜಿನಪ್ಪನವರ ಬೆರಳು ಬದಲಿಸಲು ಇನ್ನೆರಡು ತಿಂಗಳು ಬೇಕು. ಓಡಿಹೋಗಿ ಲ್ಯಾಪ್‌ಟಾಪ್ ತಂದೆ. ಕೆಟ್ಟ ಶ್ರುತಿಯ ಪಟ್ಟಿ ಅದರಲ್ಲಿ ಭದ್ರವಾಗಿತ್ತು. ನೆಂಟರೆಲ್ಲ ನೋಡುತ್ತಿದ್ದಂತೆ, ಒಂದೊಂದು ತಂತಿಯನ್ನೂ ಅಳೆದು ತೂಗಿ ಕೆಡಿಸಿದೆವು.

“ರಿಪೇರಿ ಮಾಡ್ಸಿದ್ದನ್ನ ಕೂತ್ಕಂಡು ಕೆಡಿಸ್ತಾವ್ರಲ್ಲಪ್ಪ!” ಎಂದು ನಾಗಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. ಆದರೆ ನಾಲ್ಕನೇ ತಂತಿ ಸಡಿಲಿಸುವಾಗ ಗಿಟಾರನ್ನು ಅಲ್ಲಾಡದಂತೆ ಹಿಡಿದುಕೊಂಡವರು ಅವರೇ.

ಈ ಸಲ ಸೋಬಾನೆ ಸೋಬಾನೆಯಂತೆಯೇ ಬಂತು. ನೆಂಟರ ಭುಜಗಳ ಕುಣಿತ ನಿಂತಿತು. ನಾಗಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಇನ್ನೊಂದು ನುಡ್ಸಿ” ಎಂದರು.

ಆಂಜಿನಪ್ಪನವರಿಗೆ ಬರುತ್ತಿದ್ದುದು ಅದೊಂದೇ. ನನ್ನ ಕಡೆ ನೋಡಿದರು. ನಾನು ಶಾಮಿಯಾನ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡು, ಅದೇ ಪದವನ್ನು ಸ್ವಲ್ಪ ನಿಧಾನವಾಗಿ ನುಡಿಸಿದರು.

“ಇದು ಮೊದಲ್ನೇದಕ್ಕಿಂತ ಚೆನ್ನಾಗೈತೆ ಕಣ್ರೀ” ಎಂದರು ನಾಗಲಕ್ಷ್ಮಮ್ಮ.