ಇಳಿಸುವ ಕಲ್ಲು

ಸಿದಿಗೆ ಹೊತ್ತ ನಾಲ್ವರು ಚಾವಡಿ ಇದ್ದ ಜಾಗಕ್ಕೆ ಬಂದು ನಿಂತರು. ಚಾವಡಿ ಇರಲಿಲ್ಲ. ಆಳೆತ್ತರದ ತಗಡಿನ ಬೇಲಿ, ಅದರ ಬಾಗಿಲಿಗೆ ಕೀಲಿ. ಹಲಗೆ ಬಾರಿಸುತ್ತಿದ್ದವನು ಕೈ ತಡೆದ.

ಸಿದಿಗೆಯ ಮೇಲೆ ಗೌಂಡಿ ಅಮೋಘಸಿದ್ಧನಿದ್ದ. ಹಿಂದಿನ ಸಂಜೆ ಚಹಾ ಕುಡಿಯುತ್ತ ಕುಳಿತಲ್ಲೇ ಪಕ್ಕಕ್ಕೆ ವಾಲಿದ್ದ. ಮನಗೂಳಿಯಿಂದ ನಸುಕಿನಲ್ಲಿ ಬಂದ ಒಬ್ಬಳೇ ಮಗಳು ಸುವರ್ಣಾ ಇನ್ನೂ ಅತ್ತಿರಲಿಲ್ಲ. ಓಣಿಯ ಹೆಂಗಸರು ಹಾಡಿಕೊಂಡು ಅಳುವಾಗ ಆಕೆ ಅಪ್ಪನ ಉಗುರುಸಂದಿಯಲ್ಲಿ ಉಳಿದ ಸಿಮೆಂಟು ನೋಡುತ್ತ ಕುಳಿತಿದ್ದಳು. ಮನಗೂಳ್ಯಾಗ ಕಣ್ಣೀರಿಗೂ ರೇಷನ್ ಐತೇನು ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿತ್ತು.

ಸಿಂದಗಿಯ ಈ ಹಳೇ ಓಣಿಯಲ್ಲಿ ಯಾರೇ ಸತ್ತರೂ ಸಿದಿಗೆಯನ್ನು ಚಾವಡಿ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಇಳಿಸುತ್ತಾರೆ. ಮಕ್ಕಳು ಕಿವಿಯಲ್ಲಿ ಮೂರು ಸಲ ಕರೆಯಬೇಕು. ಉತ್ತರ ಬಾರದಿದ್ದರೆ ಸತ್ತದ್ದು ಖರೆ. ಅಲ್ಲಿಂದ ಹೆಂಗಸರು ಮನೆಗೆ ತಿರುಗುತ್ತಾರೆ, ಗಂಡಸರು ಮುಂದೆ ಹೋಗುತ್ತಾರೆ. ಕಲ್ಲು ಮುಟ್ಟುವತನಕ ಹೆಣ ನೆಲಕ್ಕೆ ತಾಗುವಂತಿಲ್ಲ.

ಓಣಿಯ ಹಿರಿಯ ಮಲ್ಲಣ್ಣ, ಅಲ್ಲಿ ಮಳಿಗೆ ಕಟ್ಟುತ್ತಿದ್ದ ಗುತ್ತೇದಾರನಿಗೆ ಫೋನು ಹಚ್ಚಿದ. ಅವನು ಎತ್ತಲಿಲ್ಲ. ಎದುರಿನ ಹೋಟೆಲ್ ಮುಂದೆ ಇಳಿಸೋಣ, ಚಾವಡಿ ಕೆಡವಿದ ಮೇಲೆ ಸತ್ತ ಇಬ್ಬರನ್ನೂ ಅಲ್ಲೇ ಇಳಿಸಿದ್ದೇವೆ ಎಂದ ಮಲ್ಲಣ್ಣ.

"ಬ್ಯಾಡ್ರಿ ಕಾಕಾ," ಎಂದಳು ಸುವರ್ಣಾ. "ಕಲ್ಲ ಒಳಗ ಐತಿ."

"ಇದ್ದರ ಇರಲಿ ಬಿಡವ್ವಾ. ಹುಡುಗರ ಹೆಗಲ ನೋಯಾಕತ್ತಾವ."

"ಅಪ್ಪನ್ನ ಅದರ ಮ್ಯಾಲೇ ಇಳಸ್ಬೇಕ್ರಿ."

*

ಹೋದ ವರ್ಷ ಚಾವಡಿ ಕೆಡವಿ ಮಳಿಗೆ ಕಟ್ಟಲು ಗುತ್ತಿಗೆಯಾದಾಗ ಅಮೋಘಸಿದ್ಧ ಕೆಡವುವ ಕೆಲಸಕ್ಕೆ ದಿನಗೂಲಿಗೆ ಹೋಗಿದ್ದ. ತನ್ನ ಅಪ್ಪ ಗಿಲಾವು ಮಾಡಿದ್ದ ಗೋಡೆಗಳನ್ನು ತಾನೇ ಹಾರೆ ಹಾಕಿ ಕಿತ್ತ. ಯಾರಾದರೂ ಕೆಣಕಿದರೆ, ಕಟ್ಟುವುದಕ್ಕಿಂತ ಕೆಡವುವುದು ಬೆನ್ನಿಗೆ ಹಗುರ ಎನ್ನುತ್ತಿದ್ದ.

ತವರಿಗೆ ಬಂದಿದ್ದ ಸುವರ್ಣಾ ಒಂದು ಮಧ್ಯಾಹ್ನ ಬುತ್ತಿ ಒಯ್ದಳು. ಜೆಸಿಬಿ ಕಲ್ಲಿನ ಕಡೆ ತಿರುಗಿತ್ತು. ಅಪ್ಪ ಬುತ್ತಿ ಇಸಿದುಕೊಂಡು ಹೋಗಿ ಕಲ್ಲಿನ ಮೇಲೆ ಕುಳಿತ. ಜೆಸಿಬಿಯವನು ಹಾರ್ನ್ ಹೊಡೆದ. ಅಪ್ಪ ಮುಷ್ಟಿಯಿಂದ ಉಳ್ಳಾಗಡ್ಡಿ ಗುದ್ದಿ ಒಡೆದ, ರೊಟ್ಟಿ ಮುರಿದ. ಗುತ್ತೇದಾರ ಬಂದು ಬೈದ. ಅಪ್ಪ ಮಗಳನ್ನು ಇನ್ನೊಂದು ರೊಟ್ಟಿ ಕೇಳಿದ. ಕಲ್ಲು ಹೇಗೂ ಪಾಯದ ಆಚೆಗಿದೆ, ಬಿದ್ದಿರಲಿ ಎಂದು ಗುತ್ತೇದಾರ ಕೊನೆಗೆ ಜೆಸಿಬಿಯನ್ನು ಹಿಂದೆ ಸರಿಸಿದ.

ಯಾಕಪ್ಪಾ ಎಂದು ಸುವರ್ಣಾ ಕೇಳಿದಳು.

"ನಿಮ್ಮವ್ವಗ ದಮ್ಮ ಐತಿ. ನನಗಿಂತ ಮೊದಲ ಹೋಗಾಕಿ. ಆಕಿನ್ನ ಹೋಟೆಲ್ ಮುಂದ ಇಳಸ್ಲೇನು?"

*

ಅವ್ವ ಶೇವಂತೆವ್ವ ಈಗ ಅದೇ ಹೋಟೆಲಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಳಿತಿದ್ದಳು. ಹಲಗೆ ನಿಂತದ್ದು ಕೇಳಿ ಕಾವಲುಗಾರ ಬಂದಗಿಸಾಬ ಬೇಲಿಯ ಹಿಂಬದಿಯಿಂದ ಸುತ್ತಿ ಬಂದ. ಸಿದಿಗೆ ನೋಡಿ ಟೊಪ್ಪಿಗೆ ಸರಿಮಾಡಿಕೊಂಡ. ಕೀಲಿಕೈ ಗುತ್ತೇದಾರನ ಹತ್ತಿರ ಇದೆ ಎಂದ.

"ಕೀಲಿ ಮುರದ್ರ ನನ್ನ ನೌಕರಿ ಹೋಗ್ತೈತ್ರಿ. ತಗಡ ಬಿಚ್ಚಿದ್ರ ಯಾರಿಗೂ ತಿಳ್ಯಾಂಗಿಲ್ಲ."

ತಂತಿ ಬಿಚ್ಚಿ ಎರಡು ತಗಡು ಸರಿಸಿದ. ಒಳಗೆ ಕಲ್ಲು ಕಾಣಲಿಲ್ಲ. ಎದೆಮಟ್ಟದ ಉಸುಕಿನ ಗುಡ್ಡೆ ಇತ್ತು. ಸುವರ್ಣಾ ಓಣಿಯ ಹಳೇ ಕೈಪಂಪಿನ ನೇರಕ್ಕೆ ಕಲ್ಲಿನ ಜಾಗ ಗುರುತಿಸಿ, ಗುಡ್ಡೆಯ ಅಂಚಿನಲ್ಲಿ ಮೊಣಕಾಲೂರಿ, ಎರಡೂ ಕೈಯಿಂದ ಉಸುಕು ಎಳೆಯತೊಡಗಿದಳು. ರೇಷನ್ ಮಾತು ಆಡಿದ ಹೆಂಗಸು ಸೆರಗು ಸಿಗಿಸಿಕೊಂಡು ಪಕ್ಕಕ್ಕೆ ಕುಳಿತಳು. ಆಮೇಲೆ ಉಳಿದವರೂ ಬಂದರು.

ಹೊತ್ತವರು ಹೆಗಲು ಬದಲಿಸಿದರು. ಅವರಲ್ಲೊಬ್ಬ ಅಮೋಘಸಿದ್ಧನ ಕೈಕೆಳಗೆ ದುಡಿದವನು.

"ಇದ್ದಾಗೂ ಹಿಂಗ, ನಮ್ಮನ್ನ ಹೊರಸಿ ನಿಂದರಸ್ತಿದ್ದ ಮುದುಕ," ಎಂದ. ಯಾರೋ ನಕ್ಕರು.

ಕಲ್ಲಿನ ಒಂದು ಮೂಲೆ ಸಿಕ್ಕಿತು. ಮುಕ್ಕಾಲು ಭಾಗ ತೆರೆದ ಮೇಲೆ ಮಲ್ಲಣ್ಣ ಸಾಕೆಂದ. ಸಿದಿಗೆ ಇಳಿಯಿತು.

ಸುವರ್ಣಾ ಬಾಗಿದಳು.

"ಅಪ್ಪಾ."

ಊಟಕ್ಕೆ ಕರೆಯುವ ದನಿ, ಏರಿಳಿತವಿಲ್ಲದ್ದು. ಮತ್ತೆ ಕರೆದಳು. ಮೂರನೆಯ ಸಲವೂ ಅಷ್ಟೇ. ಎಲ್ಲರೂ ಪದ್ಧತಿಯಂತೆ ಒಂದು ಗಳಿಗೆ ಕಾದರು. ಆಕೆ ಬಗ್ಗಿದವಳು ಏಳಲಿಲ್ಲ.

ಶೇವಂತೆವ್ವ ನಿಧಾನಕ್ಕೆ ಬಂದು ಅವಳ ಬೆನ್ನಿನ ಮೇಲೆ ಕೈಯಿಟ್ಟಳು. "ಏಳಾಂಗಿಲ್ಲವ್ವಾ ಅಂವಾ. ಕಳಸು."

ಗಂಡಸರು ಸಿದಿಗೆ ಎತ್ತಿದರು. ಹಲಗೆ ಮತ್ತೆ ಶುರುವಾಗಿ ತಿರುವಿನಾಚೆ ಸಣ್ಣದಾಯಿತು. ಹೆಂಗಸರು ಸೀರೆ ಕೊಡವಿಕೊಂಡು ಮನೆಯ ಕಡೆ ಹೊರಟರು. ಬಂದಗಿಸಾಬ ತಗಡು ಹಿಡಿದು, ಮುಚ್ಚಲೇನವ್ವಾ ಎಂದು ಕೇಳಿದ.

ಗುಡ್ಡೆಯ ಮೇಲಿನಿಂದ ಉಸುಕು ಸಣ್ಣಗೆ ಜಾರಿ, ಹೆಣಕ್ಕೆ ತೂರಿ ಸಿದಿಗೆಯಿಂದ ಉದುರಿದ ಚುರುಮುರಿಯನ್ನು ಮುಚ್ಚುತ್ತ ಕಲ್ಲಿನ ಮೇಲೆ ಬರುತ್ತಿತ್ತು. ಸುವರ್ಣಾ ಬರಿಗಾಲನ್ನು ಅದಕ್ಕೆ ಅಡ್ಡವಿಟ್ಟು, ಅವ್ವನ ಕೈ ಹಿಡಿದುಕೊಂಡು ನಿಂತಳು. ಉಸುಕು ಪಾದದ ಮೇಲೆ ಏರತೊಡಗಿತು.