ಹದಿನಾಲ್ಕು ದಿನದ ರಸೀದಿ

ಟ್ವೈಲಾ ಕ್ರೌಚ್‌ಳ ಎಡಗಣ್ಣಿನ ಕೆಳಗಿನ ಹೆಪ್ಪುಗಟ್ಟಿದ ಕಲೆ ಆ ಮಂಗಳವಾರ ಹಸಿರಿಗೆ ತಿರುಗಿತ್ತು. ಏಟು ಬಿದ್ದು ಐದಾರು ದಿನವಾಗಿರಬೇಕು. ಚರ್ಮದಡಿಯ ರಕ್ತ ಮೊದಲು ನೇರಳೆ, ಆಮೇಲೆ ಹಸಿರು, ಆಮೇಲೆ ಹಳದಿ. ಎರಡು ವಾರ ಕಳೆದರೆ ಹೆಚ್ಚಾಗಿ ಏನೂ ಉಳಿದಿರುವುದಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಆಸ್ಪತ್ರೆ ಮುಚ್ಚಿತು. ಓಹಾಯೋದ ಈ ಊರಿನಲ್ಲಿ ಅರವತ್ತು ದಾಟಿದವಳಿಗೆ ಸಿಕ್ಕಿದ್ದು ದಿನಸಿ ಅಂಗಡಿಯ ಗ್ರಾಹಕ ಸೇವೆಯ ಮೇಜು.

ಇಲ್ಲಿಯೂ ಎರಡು ವಾರದ ನಿಯಮವೇ. ನಮ್ಮಲ್ಲಿ ಕೊಂಡ ಸಾಮಾನು ಹದಿನಾಲ್ಕು ದಿನದೊಳಗೆ ಬೇರೆ ಅಂಗಡಿಯಲ್ಲಿ ಅಗ್ಗಕ್ಕೆ ಕಂಡರೆ, ಅವರ ಜಾಹೀರಾತನ್ನೋ ಕೂಪನನ್ನೋ ನಮ್ಮ ರಸೀದಿಯ ಜೊತೆ ತಂದು ತೋರಿಸಬೇಕು. ವ್ಯತ್ಯಾಸವನ್ನು ನಗದಾಗಿ ಕೊಡುತ್ತೇವೆ. ಕೊಟ್ಟ ಮೇಲೆ ರಸೀದಿಗೊಂದು ಕೆಂಪು ಸೀಲು ಒತ್ತುತ್ತೇವೆ, ಅದೇ ರಸೀದಿ ಮತ್ತೆ ಬರದ ಹಾಗೆ.

ಟ್ವೈಲಾಳ ಗಂಡ ರಸ್ ಹಣ ಎಣಿಸಿಕೊಟ್ಟು ಅವಳನ್ನು ನಮ್ಮ ಅಂಗಡಿಗೆ ಮಾತ್ರ ಕಳಿಸುತ್ತಿದ್ದ. ಹೆದ್ದಾರಿಯಾಚೆಯ ಅಗ್ಗದ ಅಂಗಡಿಯಲ್ಲಿ ಅವಳೊಮ್ಮೆ ಮಾಂಸ ಕತ್ತರಿಸುವವನ ಜೊತೆ ನಕ್ಕಿದ್ದಳು. ಆ ನಗುವಿಗೆ ಅವಳ ಎರಡು ಪಕ್ಕೆಲುಬು ಮುರಿದಿದ್ದವು. ಮನೆಗೆ ಬಂದ ಮೇಲೆ ಅವನು ರಸೀದಿಯನ್ನು ಸಾಮಾನಿಗೂ ಚಿಲ್ಲರೆಗೂ ತಾಳೆ ನೋಡಿ, ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದ್ದ ಉದ್ದನೆಯ ಮೊಳೆಗೆ ಚುಚ್ಚಿಡುತ್ತಿದ್ದ. ಆದರೆ ಅಗ್ಗದ ಅಂಗಡಿಯ ಜಾಹೀರಾತು ಹಾಳೆ ಪ್ರತಿ ವಾರ ಅಂಚೆಯಲ್ಲಿ ಬರುತ್ತಿತ್ತು, ಅದನ್ನು ತಡೆಯುವುದು ಅವನಿಗೆ ಹೊಳೆದಿರಲಿಲ್ಲ. ಅವನು ಕೆಲಸಕ್ಕೆ ಹೋದಾಗ ಟ್ವೈಲಾ ಮೊಳೆಯಿಂದ ರಸೀದಿ ಬಿಡಿಸಿ ನನ್ನಲ್ಲಿಗೆ ತರುತ್ತಿದ್ದಳು. ನಾನು ರಸೀದಿಯ ನಕಲು ತೆಗೆದು ಸೀಲನ್ನು ನಕಲಿಗೆ ಒತ್ತುತ್ತಿದ್ದೆ. ಅಸಲು ಶುಭ್ರವಾಗಿ ವಾಪಸು ಮೊಳೆಗೆ ಹೋಗುತ್ತಿತ್ತು. ಹಣ ನನ್ನ ಡ್ರಾಯರಿನ ಲಕೋಟೆಗೆ ಸೇರುತ್ತಿತ್ತು, ಯಾಕೆಂದರೆ ಅವನು ಅವಳ ಬೂಟನ್ನೂ ಕೊಡವಿ ನೋಡುತ್ತಿದ್ದ.

ಈರಿ ಊರಿನಲ್ಲಿ ಅವಳ ದೊಡ್ಡಪ್ಪನ ಮಗಳ ಕಟ್ಟಡದಲ್ಲೊಂದು ಕೋಣೆ ಖಾಲಿಯಿತ್ತು. ಮುಂಗಡ ಆರುನೂರ ನಲವತ್ತು ಡಾಲರ್. ಆ ಮಂಗಳವಾರಕ್ಕೆ ಐವತ್ತೇ ಕಡಿಮೆ.

"ಕಾಫಿಪುಡಿ, ಬಟ್ಟೆ ಸೋಪು, ಹಂದಿಮಾಂಸ," ಎಂದು ಅವಳು ಹಾಳೆ ಹರಡಿದಳು. "ಕಾಫಿಗೆ ಅವರದೇ ಕೂಪನ್ನೂ ಇದೆ. ನಿಮ್ಮಂಗಡಿಯವರು ಹಗಲುಗಳ್ಳರು ಕಣೇ ಬರ್ನಿ."

"ಕಳ್ಳರಾದ್ರೂ ಸೀಲ್ ಹಾಕೋ ಕಳ್ಳರು," ಎಂದೆ.

ಅವಳು ನಗಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ಮೇಲ್ವಿಚಾರಕ ಹಾಲ್ಡೆನ್ ಬಂದು ನಿಂತಿದ್ದ, ಕೈಯಲ್ಲಿ ತಪಾಸಣೆಯ ಪಟ್ಟಿ.

"ಸೀಲ್ ಸರಿಯಾಗಿ ಬೀಳ್ತಿದೆಯಾ ಬರ್ನಡೆಟ್?" ಎಂದ.

ನಾನು ಅಸಲಿಗೇ ಒತ್ತಿಬಿಟ್ಟೆ. ಹೆದರಿ ಎಂದರೆ ಅರ್ಧ ನಿಜ. ನಿಯಮ ಪಾಲಿಸಿಯೇ ಬದುಕಿದ ಕೈ, ಯಾರೋ ನೋಡುತ್ತಿದ್ದಾರೆ ಎಂದ ಕೂಡಲೇ ತನ್ನ ಅಭ್ಯಾಸಕ್ಕೆ ಮರಳಿತು.

ಹಾಲ್ಡೆನ್ ಅತ್ತ ಹೋದ. ಟ್ವೈಲಾ ಕೆಂಪು ಗುರುತನ್ನೇ ನೋಡುತ್ತ, "ಅಳಿಸಕ್ಕಾಗಲ್ವಾ?" ಎಂದಳು. ಸೀಲಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಮೇಜಿನ ಮೇಲಿದ್ದ ಸ್ಯಾನಿಟೈಸರನ್ನು ಒಂದು ಹನಿ ಹಾಕಿ ಉಜ್ಜಿದೆ. ಶಾಯಿಯ ಬಗ್ಗೆ ಯೋಚಿಸಿದ್ದೆ, ಕಾಗದದ ಬಗ್ಗೆ ಅಲ್ಲ. ಬಿಸಿಗೆ ಅಕ್ಷರ ಮೂಡುವ ಆ ಕಾಗದ ಆಲ್ಕೋಹಾಲು ತಾಗಿದರೆ ಕಪ್ಪಾಗುತ್ತದೆ. ನನಗಿದು ಗೊತ್ತಿದ್ದ ಸಂಗತಿ. ಕಣ್ಣೆದುರೇ ರಸೀದಿ ಇದ್ದಿಲಿನಂತಾಯಿತು. ಹೊಸದು ತೆಗೆದರೆ ಯಂತ್ರ ತಲೆಯ ಮೇಲೆಯೇ 'ನಕಲು' ಎಂದು ಮುದ್ರಿಸುತ್ತದೆ.

"ಲಕೋಟೆ ತಗೊಂಡು ಈಗ್ಲೇ ಹೋಗು," ಎಂದೆ. "ಉಳಿದದ್ದು ನಾನು ಹಾಕ್ತೀನಿ. ಒಂದೂವರೆಗೆ ಬಸ್ಸಿದೆ."

"ಲೈಸೆನ್ಸು, ಬರ್ತ್ ಸರ್ಟಿಫಿಕೇಟು ಅವನ ಡಬ್ಬೀಲಿವೆ. ಅವಿಲ್ದೆ ಯಾರು ಕೆಲ್ಸ ಕೊಡ್ತಾರೆ? ಕೀಲಿ ಎಲ್ಲಿದೆ ಅಂತ ಗೊತ್ತು. ಹೋಗಿ ಹಾಗೇ ಬಂದ್ಬಿಡ್ತೀನಿ. ಅವನು ಬರೋದು ಸಂಜೆ ನಾಲ್ಕಕ್ಕೆ." ಕಪ್ಪಾದ ರಸೀದಿಯನ್ನು ಜೇಬಿಗೆ ತುರುಕಿಕೊಂಡು ಓಡಿದಳು.

ಅವನು ಹನ್ನೊಂದೂವರೆಗೇ ಮನೆಗೆ ಬಂದಿದ್ದ. ಅವನ ಕೆಲಸದ ಕಡೆ ಯಂತ್ರ ಕೆಟ್ಟು ಎಲ್ಲರನ್ನೂ ಕಳಿಸಿಬಿಟ್ಟಿದ್ದರಂತೆ.

ಹನ್ನೆರಡೂಕಾಲಿಗೆ ಅವನು ಟ್ವೈಲಾಳನ್ನು ಕೂದಲು ಹಿಡಿದು ಎಳೆದುಕೊಂಡು ಅಂಗಡಿಯ ಬಾಗಿಲು ದಾಟಿದ. ಅವಳ ಬಲಗೈಗೆ ಅಡುಗೆಮನೆಯ ಟವೆಲು ಸುತ್ತಿತ್ತು. ಅದರಿಂದ ರಕ್ತ ತೊಟ್ಟಿಕ್ಕುತ್ತ ಬಿಳಿ ನೆಲದ ಮೇಲೆ ಗೆರೆ ಎಳೆಯಿತು. ಮೇಜಿನ ಹತ್ತಿರ ಅವನು ಟವೆಲು ಕಿತ್ತೆಸೆದಾಗ ಗೊತ್ತಾಯಿತು: ಅಂಗೈ ನಡುವೆ ಮೊಳೆ ಒಳಹೊಕ್ಕು ಆಚೆ ಬಂದ ತೂತು. ಅವಳ ಕೈಯನ್ನೇ ರಸೀದಿಯ ಹಾಗೆ ಚುಚ್ಚಿದ್ದ.

"ಎಲ್ಲೇ ಮುದುಕಿ ನನ್ನ ದುಡ್ಡು?" ಎಂದು ಕಪ್ಪು ಕಾಗದವನ್ನು ನನ್ನ ಮುಖಕ್ಕೆ ಒಗೆದ. "ಇಲ್ಲಿ ಬ್ಯಾಂಕು ಇಟ್ಟಿದೀರಂತಲ್ಲ ಇಬ್ರೂ ಸೇರ್ಕೊಂಡು? ಬಡ್ಡಿ ಎಷ್ಟು ಕೊಡ್ತೀಯೆ?"

"ಸಾರ್, ಸ್ವಲ್ಪ ಸಮಾಧಾನ..." ಎಂದು ಹಾಲ್ಡೆನ್ ಅಡ್ಡ ಬಂದ. ರಸ್ ಮೊಣಕೈಯಲ್ಲಿ ತಿವಿದ. ಮೂಗಿನ ಎಲುಬು ಲಟಕ್ಕೆಂದಿತು. ಹಾಲ್ಡೆನ್ ಮುಖ ಹಿಡಿದುಕೊಂಡು ಫೋನಿನ ಕಡೆ ಓಡಿದ.

"ಕೊಡ್ಬೇಡ ಬರ್ನಿ," ಎಂದಳು ಟ್ವೈಲಾ. ಅವನು ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಎರಡನೆಯ ಸಲ ಅಪ್ಪಳಿಸಿದಾಗ ಒಂದು ಹಲ್ಲು ಜಾಹೀರಾತು ಹಾಳೆಯ ಮೇಲೆ ಬಿತ್ತು.

ಮೇಜಿನ ತುದಿಯಲ್ಲಿ ಬೆಳಿಗ್ಗೆ ಯಾರೋ ವಾಪಸು ತಂದ ಬೀಡುಕಬ್ಬಿಣದ ಬಾಣಲೆಯಿತ್ತು, ಎಂಟು ಪೌಂಡಿನದು. ತಲೆಗೆ ಹೊಡೆದರೆ ಸಾಯಬಹುದು. ಕೊರಳೆಲುಬು ತೆಳು, ಅದು ಮುರಿದರೆ ಕೈ ಎತ್ತಲಾಗುವುದಿಲ್ಲ, ಜೀವ ಉಳಿಯುತ್ತದೆ. ಇಷ್ಟನ್ನೂ ಯೋಚಿಸಿಯೇ ಎರಡೂ ಕೈಯಲ್ಲಿ ಬಾಣಲೆ ಎತ್ತಿ ಅದರ ಅಂಚನ್ನು ಅವನ ಬಲಭುಜದ ಮುಂದೆ ಇಳಿಸಿದೆ. ಒಣ ಕಟ್ಟಿಗೆ ಮುರಿದ ಸದ್ದು. ಅವನು ಮಂಡಿಯೂರಿ ಕಿರುಚಿದ.

ಬಾಣಲೆ ನನ್ನ ಕೈಯಿಂದ ಜಾರಿತು. ಅದನ್ನು ಟ್ವೈಲಾ ಎತ್ತಿಕೊಂಡಳು, ತೂತು ಬಿದ್ದ ಕೈಯಲ್ಲೇ. ಅವಳ ಕಣ್ಣಿನಲ್ಲಿ ನನ್ನಂಥ ಯೋಚನೆ ಏನೂ ಇರಲಿಲ್ಲ. ಮೊದಲ ಏಟು ಅವನ ಬೆನ್ನಿಗೆ ಬಿತ್ತು, ಎರಡನೆಯದು ಕಿವಿ ಹರಿಯಿತು. ಅವನು ನೆಲಕ್ಕೊರಗಿ, "ಬೇಡ ಕಣೇ, ಟ್ವೈಲಾ, ಬೇಡ," ಎನ್ನುತ್ತಿದ್ದ. ಅವಳು ಬಾಣಲೆಯನ್ನು ತಲೆಯ ಮೇಲಕ್ಕೆತ್ತಿದಳು.

"ಟ್ವೈಲಾ! ಈರಿ!" ಎಂದು ಕೂಗಿದೆ. ಕೇಳಿಸಲಿಲ್ಲ. ಬಿದ್ದವನನ್ನು ಕೊಂದರೆ ಈರಿಯ ಕೋಣೆಯ ಬದಲು ಅವಳಿಗೆ ಜೈಲಿನ ಕೋಣೆ. ಬೇರೆ ಉಪಾಯ ಕಾಣದೆ ಅವನ ತಲೆಯ ಮೇಲೆ ನನ್ನ ಎಡಗೈಯನ್ನು ಅಡ್ಡ ಚಾಚಿದೆ.

ಮೊಣಕೈ ಕೆಳಗಿನ ಎರಡೂ ಎಲುಬು ಮುರಿದವು. ನೋವು ಬರುವುದಕ್ಕೆ ಮೊದಲು ನನಗೆ ಕಂಡದ್ದು ಅವಳ ಮುಖ. ನಿದ್ದೆಯಿಂದ ಎದ್ದವಳಂತೆ ನೋಡಿದಳು.

"ಅಯ್ಯೋ ಬರ್ನಿ, ನಿಂಗೆ ಬಿತ್ತಲ್ಲೇ!"

"ಬೀಳ್ಲಿ ಬಿಡು," ಎಂದೆ. "ಬಾಣಲೆ ಕೆಳಗಿಡು. ಲಕೋಟೆ ಎರಡನೇ ಡ್ರಾಯರಲ್ಲಿದೆ."

ಪೊಲೀಸರು ಅವನಿಗೆ ಬೇಡಿ ಹಾಕುವುದಕ್ಕೆ ಕೈ ಹಿಂದಕ್ಕೆ ತಿರುಗಿಸಿದಾಗ ಅವನು ಮತ್ತೆ ಕಿರುಚಿದ. ನನಗೆ ಕೇಳಲು ಹಿತವೆನಿಸಿತು, ಇದನ್ನು ಮುಚ್ಚಿಡುವುದಿಲ್ಲ. ಅವರೇ ಡಬ್ಬಿ ಒಡೆದು ಟ್ವೈಲಾಳ ಕಾಗದಪತ್ರ ಕೊಟ್ಟರು. ಅವಳು ಕೈಗೆ ಹೊಲಿಗೆ ಹಾಕಿಸಿಕೊಂಡು, ಶುಕ್ರವಾರದ ಬಸ್ಸಿಗೆ ಹೋದಳು.

ನನ್ನ ಕೆಲಸ ಉಳಿಯಿತು. ಆದರೆ ರಕ್ತ ತಾಗಿದ ಬಾಣಲೆಯನ್ನು ಮಾರುವಂತಿಲ್ಲವೆಂದು ಹಾಲ್ಡೆನ್ ಅದನ್ನು ನನಗೇ ಮಾರಿದ, ಇಪ್ಪತ್ತೈದು ಡಾಲರಿಗೆ. ಮೂಗಿನ ಪಟ್ಟಿಯ ಹಿಂದಿನಿಂದ, "ನಿಯಮ ನಿಯಮ," ಎಂದ. ನಾನು ಹಣ ಕೊಟ್ಟು ರಸೀದಿ ಇಸಿದುಕೊಂಡೆ.

ಪ್ಲಾಸ್ಟರಿನಿಂದ ಹೊರಗಿದ್ದ ನನ್ನ ಬೆರಳುಗಳು ನೇರಳೆಯಾದವು, ಹಸಿರಾದವು. ಹಳದಿಗೆ ತಿರುಗಿದ ದಿನ ಈರಿಯಿಂದ ಅಂಚೆ ಬಂತು. ಒಳಗೆ ಅದೇ ಅಗ್ಗದ ಅಂಗಡಿಯ ಈರಿ ಶಾಖೆಯ ಜಾಹೀರಾತು ಹಾಳೆ, ಈ ವಾರದ್ದು. ಬಾಣಲೆಯ ಚಿತ್ರದ ಸುತ್ತ ಪೆನ್ನಿನ ಗೆರೆ. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ: 'ಆರು ಡಾಲರ್ ಕಮ್ಮಿ ಕಣೇ. ಇಲ್ಲಿ ನಾನೇ ಹೋಗಿ ನೋಡ್ಕೊಂಡು ಬಂದೆ. ಮಾಂಸದವನ ಹತ್ರ ಬೇಕಂತ ನಕ್ಕು ಬಂದೆ. ಹಲ್ಲಿಲ್ಲ, ಆದ್ರೂ ನಕ್ಕೆ.'

ಕ್ಯಾಲೆಂಡರ್ ನೋಡಿದೆ. ಹದಿಮೂರನೇ ದಿನ. ಹಾಳೆ, ಬಾಣಲೆಯ ರಸೀದಿ ಎರಡನ್ನೂ ಒಯ್ದು ಹಾಲ್ಡೆನ್ನನ ಮುಂದಿಟ್ಟೆ. ಅವನು ಎರಡು ಸಲ ಓದಿ, ಉಸಿರುಬಿಟ್ಟು, ಆರು ಡಾಲರ್ ತೆಗೆದ.

"ಸೀಲ್ ಹಾಕ್ಲೇಬೇಕು," ಎಂದ.

"ಹಾಕಿ," ಎಂದೆ. "ಅಸಲಿಗೇ ಹಾಕಿ."