ಬೆಡ್ಡಿದೆ, ಹೆಡ್ಡಿಲ್ಲ

೧

ಇದನ್ನು ಹೇಗೆ ಶುರುಮಾಡಲಿ? ಮೊದಲ ಕರಡಿನಲ್ಲಿ ಹೊಸ ಕಂಪ್ಯೂಟರ್ ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಬೋರು. ಎರಡನೆಯದರಲ್ಲಿ 'ಒಬ್ಬ ಮನುಷ್ಯ ಹಾಸಿಗೆಯ ಮೇಲೆ ಮಲಗಿದ್ದ' ಅಂತ ಬರೆದೆ. ಅವನು ಮಲಗಿಯೇ ಇದ್ದ, ಕಥೆ ಮುಂದಕ್ಕೇ ಹೋಗಲಿಲ್ಲ. (ತಪ್ಪು ಅವನದಲ್ಲ. ಮಲಗೋದೇ ಅವನ ಕೆಲಸ.)

ಸರಿ, ಎರಡನ್ನೂ ಕೂಡಿಸುತ್ತೇನೆ. ಒಂದು ಹಾಸಿಗೆ ಅಂಗಡಿ. ಅದನ್ನು ನಡೆಸುವವಳನ್ನು ಬೀದಿಯವರೆಲ್ಲ ಅಕ್ಕ ಅನ್ನುತ್ತಾರೆ. ಗಾಜಿನ ಹಿಂದೆ, ಇರುವುದರಲ್ಲೇ ದುಬಾರಿ ಹಾಸಿಗೆಯ ಮೇಲೆ, ಅವಳ ಸೋದರಮಾವ ಷಟರ್ ಎತ್ತಿದಾಗಿನಿಂದ ಇಳಿಸುವತನಕ ಗೊರಕೆ ಹೊಡೆಯುತ್ತಾನೆ. ದಾರಿಹೋಕರು ನಿಲ್ಲುತ್ತಾರೆ, ನೋಡುತ್ತಾರೆ, ಆಕಳಿಸುತ್ತಾರೆ, ಒಳಗೆ ಬಂದು "ಅವರು ಮಲಗಿದ್ದಾರಲ್ಲ, ಅಂಥದ್ದೇ ಒಂದು ಕೊಡಿ" ಅನ್ನುತ್ತಾರೆ. ವ್ಯಾಪಾರವೆಲ್ಲ ಹೀಗೇ.

೨

ಲೆಕ್ಕದ ಮೇಡಂ ಬಂದಳು, ಅಂಗಡಿಯ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿದಳು.

"ಮೊದಲು ಖಾತೆಗಳನ್ನ ಜೋಡಿಸಿಕೊಳ್ಳೋಣ ಅಕ್ಕ. ಅಂಗಡೀಲಿ ಏನೇ ಇರ್ಲಿ, ಐದು ಹೆಡ್ಡಲ್ಲಿ ಒಂದಕ್ಕೆ ಸೇರಲೇಬೇಕು. ಆಸ್ತಿ, ಸಾಲ, ಬಂಡವಾಳ, ಆದಾಯ, ಖರ್ಚು. ಆರನೇದು ಇಲ್ಲ."

ಹತ್ತಿ, ದಾರ, ಕರೆಂಟು, ಡೆಲಿವರಿ ವ್ಯಾನು, ಎಲ್ಲ ಸಂಜೆ ಕುರಿಗಳು ದೊಡ್ಡಿ ಹೊಕ್ಕಂತೆ ತಮ್ಮ ತಮ್ಮ ಜಾಗ ಹೊಕ್ಕವು. ಆಮೇಲೆ ಅಕ್ಕ ಹೇಳಿದಳು: "ನಮ್ಮ ಮಾವ."

ಮೇಡಂ ಹಾಸಿಗೆಯ ಕಡೆ ನೋಡಿದಳು. "ಸಂಬಳ ಕೊಡ್ತೀರಾ?"

"ಇಲ್ಲ, ಊಟ ಹಾಕ್ತೀನಿ."

"ಅವರಿಂದ ವ್ಯಾಪಾರ ಆಗುತ್ತಾ?"

"ಆಗೋದೇ ಅವರಿಂದ."

"ಅಲ್ಲಿಂದ ಕದಲ್ತಾರಾ?"

"ಎಲ್ಲಿ ಕದಲ್ತಾರೆ!"

"ಹಾಗಾದ್ರೆ ಸ್ಥಿರಾಸ್ತಿ." ಒತ್ತಿಯೇಬಿಟ್ಟಳು. ಪೀಠೋಪಕರಣಗಳ ಸಾಲಿನಲ್ಲಿ ಕಪಾಟಿಗೂ ಫ್ಯಾನಿಗೂ ನಡುವೆ ಮಾವ ಬಂದು ಕೂತ. "ವರ್ಷಾವರ್ಷ ಸವಕಳಿ ಅಂತ ಇವರ ಬೆಲೆ ಇಳೀತಾ ಹೋಗುತ್ತೆ. ಕೊನೆಗೆ ಸೊನ್ನೆ."

ಗೊರಕೆ ನಿಂತಿತು.

೩

ಅವತ್ತಿನಿಂದ ಮಾವನಿಗೆ ನಿದ್ದೆಯಿಲ್ಲ. ಹೊರಳುತ್ತಾನೆ, ದಿಂಬು ತಿರುವುತ್ತಾನೆ, ಎದ್ದು ಕೂತು ಗಾಜಿನಾಚೆಗೆ ದುರುಗುಟ್ಟಿ ನೋಡುತ್ತಾನೆ. ಜನ ಬೆಚ್ಚಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಒಬ್ಬ ಗಿರಾಕಿ ಕೊಂಡ ಹಾಸಿಗೆಯನ್ನೇ ತಲೆಮೇಲೆ ಹೊತ್ತು ತಂದ. "ಅವರಿಗೇ ನಿದ್ದೆ ಬರದ ಹಾಸಿಗೆ ನನಗ್ಯಾಕಮ್ಮಾ?"

"ಮಾವ, ಅದು ಬರೀ ಲೆಕ್ಕಕ್ಕೆ," ಅಕ್ಕ ಅಂಗಲಾಚಿದಳು.

"ಚಿಕ್ಕಂದಿನಿಂದ ಎಲ್ರೂ 'ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತಿದ್ರು. ಈಗ ನೀನು ಲೆಕ್ಕಕ್ಕೆ ತಗೊಂಡೆ. ಕಪಾಟಿನ ಪಕ್ಕ!"

ಮೇಡಂ ಅವನನ್ನು ಸಂಬಳದ ಖರ್ಚಿಗೆ ಹಾಕಲು ಹೋದಳು. "ಸಂಬಳ ತಗೊಂಡ್ರೆ ಡ್ಯೂಟಿ ಆಯ್ತು. ಡ್ಯೂಟಿಯಲ್ಲಿ ಮಲಗೋಕೆ ನಾನೇನು ಕಳ್ಳನಾ?" ಜಾಹೀರಾತು ಅಂದಳು. "ನನ್ನ ಹಣೆ ಮೇಲೆ ಬೋರ್ಡ್ ಬರೆಸ್ತೀಯಾ?" ದಾಸ್ತಾನು ಅಂದಾಗ ಮಾತ್ರ ತುಸು ಮೆತ್ತಗಾಗಿ ಕೇಳಿದ: "ಯಾರಾದ್ರೂ ಕೊಂಡುಕೊಂಡ್ರೆ?"

(ಓದುಗರೇ, ಇಲ್ಲಿ ನಾನು ಸುಲಭದ ದಾರಿ ಹಿಡಿದೆ. 'ಮಾವನಿಗೆ ಗಾಢ ನಿದ್ದೆ ಬಂತು' ಅಂತ ಬರೆದುಬಿಟ್ಟೆ. ಅವನು ಒಂದು ಕಣ್ಣು ತೆರೆದು, "ನೀವು ಬರೆದ ತಕ್ಷಣ ಬರೋಕೆ ಅದೇನು ನಿಮ್ಮಪ್ಪನ ಮನೆ ನಿದ್ದೇನಾ?" ಎಂದ. ಅಳಿಸಿದೆ.)

೪

ಒಂದು ಮಧ್ಯಾಹ್ನ, ಗಿರಾಕಿಯಿಲ್ಲದ ಅಂಗಡಿಯಲ್ಲಿ, ಅಕ್ಕ ಹಾಸಿಗೆಯ ಅಂಚಿಗೆ ಕೂತಳು.

"ಮಾವ, ನಿಜ ಹೇಳಿ. ಮೊದಲೆಲ್ಲ ಹೇಗೆ ನಿದ್ದೆ ಬರ್ತಿತ್ತು?"

ಮಾವ ಸೂರು ನೋಡಿದ. "ಎಲ್ಲಿ ಬರ್ತಿತ್ತು? ಅಂಗಡಿ ತೆಗೆದ ಹೊಸತರಲ್ಲಿ ಒಂದು ನೊಣಾನೂ ಒಳಗೆ ಬರಲಿಲ್ಲ. ನೀನು ಗಲ್ಲಾ ಹಿಂದೆ ಕೂತು ಅಳ್ತಿದ್ದೆ. ನಾನು ನೋಡಿದೆ ಅಂತ ಗೊತ್ತಾದ್ರೆ ನಿನಗೆ ನಾಚಿಕೆ ಆಗುತ್ತೆ ಅಂತ ಮಲಗಿದ ಹಾಗೆ ಮಾಡಿದೆ. ಅಷ್ಟರಲ್ಲೇ ಮೊದಲ ಗಿರಾಕಿ ಬಂದ. ಎದ್ರೆ ಹೋಗಿಬಿಡ್ತಾನೇನೋ ಅಂತ ಏಳಲಿಲ್ಲ. ಆಮೇಲೆ ಏಳಲೇ ಇಲ್ಲ."

"ಇಷ್ಟು ವರ್ಷ ನಾಟಕಾನಾ?"

"ಮೊದಮೊದಲು. ಆಮೇಲೆ ನಿನ್ನ ಅಳು ನಿಂತಿತು, ನನಗೆ ನಿದ್ದೆ ಹತ್ತಿತು. ಗೊರಕೆ ಮಾತ್ರ ಸ್ವಲ್ಪ ಜಾಸ್ತಿ ಹಾಕ್ತಿದ್ದೆ. ರಸ್ತೆ ಆ ಕಡೆಯೋರಿಗೂ ಕೇಳ್ಲಿ ಅಂತ."

ಅಕ್ಕನಿಗೆ ನಗು ಬಂತೋ ಅಳು ಬಂತೋ, ಬರೆಯುವ ನನಗೂ ಗೊತ್ತಾಗಲಿಲ್ಲ. ಎದ್ದುಹೋಗಿ ಮೇಡಂಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಆ ಕಪಾಟಿನ ಪಕ್ಕದಿಂದ ನಮ್ಮ ಮಾವನ್ನ ಈಗಲೇ ತೆಗೀರಿ."

"ತೆಗೆದು ಎಲ್ಲಿಡಲಿ ಅಕ್ಕ? ಐದೇ ಇರೋದು." ಮೇಡಂ ಯೋಚಿಸಿದಳು. "ಒಂದು ಕೆಲಸ ಮಾಡಬಹುದು. ಎಲ್ಲಿಗೆ ಸೇರಿದ್ದು ಅಂತ ತಿಳಿಯದೇ ಇರೋದನ್ನ ಸದ್ಯಕ್ಕೆ ಸಸ್ಪೆನ್ಸ್ ಖಾತೆ ಅಂತ ಇಡ್ತೀವಿ. ಆದ್ರೆ ವರ್ಷದ ಕೊನೇಲಿ ತೀರ್ಮಾನ ಆಗಲೇಬೇಕು."

"ಸಸ್ಪೆನ್ಸಾ?" ಮಾವ ಹಾಸಿಗೆಯಿಂದಲೇ ಕೂಗಿದ. "ಕೊಲೆ ಗಿಲೆ ಇಲ್ಲ ತಾನೆ?"

"ಇಲ್ಲ ಯಜಮಾನ್ರೇ."

"ಹಾಗಾದ್ರೆ ಹಾಕಮ್ಮ."

ಫೋನ್ ಇಟ್ಟು ಅಕ್ಕ ಪಕ್ಕದ ಹಾಸಿಗೆಯ ಪ್ಲಾಸ್ಟಿಕ್ ಕವರು ಕಿತ್ತಳು. ತನ್ನದೇ ಅಂಗಡಿಯ ಹಾಸಿಗೆಯ ಮೇಲೆ ಅವಳು ಇದುವರೆಗೆ ಬೆನ್ನು ಊರಿರಲಿಲ್ಲ.

"ಗಿರಾಕಿ ಬಂದ್ರೆ?" ಮಲಗುತ್ತಾ ಕೇಳಿದಳು.

"ನಾನಿದ್ದೀನಲ್ಲ ಮಗಳೇ."

ಮಾತು ಮುಗಿಯುವಷ್ಟರಲ್ಲಿ ನಿದ್ದೆಹೋದಳು. ಮಾವ ಎದ್ದ. ಅವಳಿಗೆ ಹೊದಿಸಿ, ಹೋಗಿ ಗಲ್ಲಾ ಹಿಂದಿನ ಕುರ್ಚಿಯಲ್ಲಿ ಕೂತ.

೫

ಈಗ ಮುಕ್ತಾಯ. ಒಂದು: ಮೇಡಂ ಬಂದು ಮಾವನನ್ನು 'ಬಂಡವಾಳ'ಕ್ಕೆ ಸೇರಿಸುತ್ತಾಳೆ, ಎಲ್ಲರ ಕಣ್ಣೂ ಒದ್ದೆ. (ಬರೆಯುವಾಗ ನನಗೇ ಆಕಳಿಕೆ.) ಎರಡು: ಆರನೇ ಹೆಡ್ಡು ಕೊಡಿ ಅಂತ ಊರಿನ ಸೋದರಮಾವಂದಿರೆಲ್ಲ ದಿಂಬು ಹಿಡಿದು ಮೆರವಣಿಗೆ ಹೊರಡುತ್ತಾರೆ. (ಆಸೆಯಿದೆ, ಆದರೆ ಅಷ್ಟು ದಿಂಬು ಎಲ್ಲಿಂದ ತರಲಿ?)

ಆದದ್ದು ಇಷ್ಟು. ವರ್ಷದ ಕೊನೆಗೆ ಮೇಡಂ ಬಂದಾಗಲೂ ಅಕ್ಕ ಆ ಹಾಸಿಗೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಗಾಜಿನಾಚೆ ನಾಲ್ಕು ಜನ ನಿಂತು ಆಕಳಿಸುತ್ತಿದ್ದರು.

"ಯಜಮಾನ್ರೇ, ಇವತ್ತು ತೀರ್ಮಾನ ಆಗಬೇಕು. ಯಾವ ಹೆಡ್ಡು ಅಂತ ಅಕ್ಕನ್ನ ಕೇಳಿ..."

"ಶ್ಶ್! ಈಗತಾನೆ ಕಣ್ಣು ಹತ್ತಿದೆ."

"ಯಾವಾಗ ಏಳ್ತಾರೆ?"

ಅದನ್ನು ನಾನು ಹೇಳಬೇಕಿತ್ತು, ಹೇಳಲು ಹೊರಟೂ ಇದ್ದೆ. ಮಾವ ನನ್ನ ಕಡೆ ತಿರುಗಿದ.

"ನಿಮಗೇ ಹೇಳ್ತಿರೋದು ಕತೆಗಾರ್ರೇ. ಆ ಕೀಬೋರ್ಡು ಟಕಟಕ ಅಂತಿದೆ. ನಿಲ್ಲಿಸಿ."